ಯಾರೂ ಆಡದ ಟೆನಿಸ್

ಮೀಟರಮ್ಮನಿಗೆ ಆ ಹೆಸರು ಅಂಟಿದ್ದು ಕೆಲಸದ ಜಾಗದಲ್ಲಿ. ವಿದ್ಯುತ್ ಮೀಟರುಗಳು ಸರಿಯಾಗಿ ಓಡುತ್ತವೆಯೇ ಎಂದು ಪರೀಕ್ಷಿಸುವ ಕೋಣೆಯಲ್ಲಿ ಅವಳದು ಹನ್ನೊಂದು ವರ್ಷದ ನೌಕರಿ. ಅದಕ್ಕೂ ಮೊದಲು ಅದೇ ಮೇಜಿನ ಮುಂದೆ ಅವಳ ಅಪ್ಪ ಇಪ್ಪತ್ತಾರು ವರ್ಷ ಕೂತಿದ್ದ. ಕೆಲಸ ಕಲಿಸಿದವನೂ ಅವನೇ, ಮೂಗಿನ ತುದಿಯ ಕೋಪ ಕೊಟ್ಟವನೂ ಅವನೇ. ಈಗ ಆ ಅಪ್ಪ ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಲಕ್ವ ಹೊಡೆದ ಬಲಗೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಕೂತಿರುತ್ತಿದ್ದ.

"ಈ ಕೆಲವು ತಿಂಗಳೇ ಮುಖ್ಯ. ಬೆರಳು ಆಡಿಸ್ತಾನೇ ಇರ್ಬೇಕು, ಬಿಟ್ರೆ ಹಾಗೇ ಬಿಗಿದುಕೊಂಡುಬಿಡುತ್ತೆ" ಎಂದು ವ್ಯಾಯಾಮ ಮಾಡಿಸಲು ಬರುವಾಕೆ ಒಂದು ರಬ್ಬರ್ ಚೆಂಡು ಕೊಟ್ಟುಹೋದಳು. ಅಪ್ಪ ಅದನ್ನು ಎಡಗೈಯಲ್ಲಿ ಎತ್ತಿ ಮಂಚದ ಕೆಳಗೆ ಎಸೆದ. "ನಾನೇನು ಎಳೇ ಮಗೂನಾ?" ಜಪ್ಪಯ್ಯ ಎಂದರೂ ಬಲಗೈ ಹೊರಗೆ ಬರಲಿಲ್ಲ.

ಅದೇ ವಾರ ಪರೀಕ್ಷೆಯ ಕೋಣೆಯಿಂದ ಹಳೆಯ ಸ್ಕೋಪನ್ನು ಗುಜರಿಗೆ ಸಾಗಿಸಲು ಹೊರಟಿದ್ದರು. ವಿದ್ಯುತ್ತಿನ ಏರಿಳಿತವನ್ನು ಅಂಗೈಯಗಲದ ಗಾಜಿನ ಮೇಲೆ ಹಸಿರು ಗೆರೆಯಾಗಿ ತೋರಿಸುವ, ಮುಖದ ತುಂಬ ತಿರುಗುಗುಂಡಿಗಳಿರುವ ಭಾರದ ಪೆಟ್ಟಿಗೆ ಅದು. ಅಪ್ಪ ನೌಕರಿಯುದ್ದಕ್ಕೂ ಬಳಸಿದ್ದು. ಮೀಟರಮ್ಮ ಅರ್ಜಿ ಬರೆದುಕೊಟ್ಟು ಅದನ್ನು ಮನೆಗೆ ಹೊತ್ತು ತಂದಳು. ಅದರಲ್ಲೊಂದು ಟೆನಿಸ್ ಆಟ ಮಾಡಬೇಕು, ಗುಂಡಿ ತಿರುಗಿಸಿದಂತೆ ಬ್ಯಾಟು ಮೇಲೆ ಕೆಳಗೆ ಹೋಗಬೇಕು, ಆಟದ ಗುಂಗಿನಲ್ಲಿ ಅಪ್ಪನ ಬೆರಳು ತಾನಾಗಿ ಆಡಬೇಕು. ಇದು ಅವಳ ಲೆಕ್ಕಾಚಾರ.

ಹೇಳಿದಷ್ಟು ಸುಲಭವೇ! ಸ್ಕೋಪಿಗೆ ಇರುವುದು ಒಂದೇ ಒಂದು ಚುಕ್ಕೆ. ಅದನ್ನೇ ಸರಸರನೆ ಓಡಿಸಿ ಚೆಂಡು, ಬ್ಯಾಟು, ನೆಟ್ಟು ಎಲ್ಲವನ್ನೂ ಬರೆಸಬೇಕು. ಬೆಂಕಿಪೊಟ್ಟಣದಷ್ಟು ಸರ್ಕ್ಯೂಟ್ ಬೋರ್ಡಿಗೆ ಅವಳು ಈ ವಿದ್ಯೆ ಕಲಿಸಿದಳು. ಚೆಂಡು ಬಂತು, ಬ್ಯಾಟೂ ಬಂತು, ಜೊತೆಗೆ ಎರಡನ್ನೂ ಜೋಡಿಸುವ ಬೇಡದ ಗೆರೆಯೊಂದು ವಕ್ಕರಿಸಿತು. ಚುಕ್ಕೆ ಇಲ್ಲಿಂದ ಅಲ್ಲಿಗೆ ಹಾರುವಾಗ ಬಿಟ್ಟುಹೋಗುವ ಬಾಲ ಅದು. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಚೆಂಡು ಬ್ಯಾಟಿಗೆ ಅಂಟಿಕೊಂಡೇ ಓಡಾಡಿತು. ಹಾರುವಷ್ಟು ಹೊತ್ತು ಚುಕ್ಕೆಯನ್ನು ಆರಿಸೋಣವೆಂದರೆ ಚೆಂಡೇ ನಾಪತ್ತೆ. ಬೆಸುಗೆ ಬಿಚ್ಚು, ಬೆಸುಗೆ ಹಾಕು, ಮತ್ತೆ ಬಿಚ್ಚು. ಏಳು ವಾರ ಅವಳ ತಲೆ ಕೆಟ್ಟು ಗೊಬ್ಬರವಾಯಿತು.

"ಆ ಡಬ್ಬಾನ ನೀನು ಆಚೆ ಎಸೀತೀಯೋ, ನಾನೇ ಎಸೀಲೋ?" ಎಂದು ಅಮ್ಮ ದಿನಕ್ಕೊಮ್ಮೆ ಕೇಳುತ್ತಿದ್ದಳು.

ಎಂಟನೆಯ ವಾರ ಬಾಲ ತೊಲಗಿತು. ಸಾಸಿವೆಕಾಳಿನಷ್ಟು ಚೆಂಡು, ಗೆರೆ ಕೊರೆದಂಥ ಬ್ಯಾಟು, ಮೇಲೆ ಸೊನ್ನೆ-ಸೊನ್ನೆ ಎಂದು ಅಂಕ. ಬೋರ್ಡಿಗೆ ಉದ್ದ ತಂತಿಯಿಂದ ಜೋಡಿಸಿದ ಆಟದ ಗುಂಡಿ ಮುಟ್ಟುವವರೆಗೆ ಚೆಂಡು ನಡುವೆ ನಿಂತು ಕಾಯುತ್ತಿತ್ತು. ಮೀಟರಮ್ಮ ಪೆಟ್ಟಿಗೆಯನ್ನು ಅಪ್ಪನ ಕುರ್ಚಿಯ ಬಲಕ್ಕೆ, ಸ್ಟೂಲಿನ ಮೇಲೆ ಇಟ್ಟಳು.

"ಅಪ್ಪ, ಒಂದ್ಸಲ ತಿರುಗಿಸಿ ನೋಡು."

"ಇದು ಅಳತೆ ನೋಡೋ ಸಾಮಾನು. ಇದರಲ್ಲಿ ಆಟ ಆಡ್ತಾರಾ? ನಾಚಿಕೆ ಆಗಲ್ವಾ ನಿಂಗೆ?"

"ನಿನ್ನ ಕೈಗೋಸ್ಕರ ಮಾಡಿದ್ದು ಕಣಪ್ಪಾ!"

"ನನ್ನ ಕೈ ಸುದ್ದಿಗೆ ಬರಬೇಡ."

ಮುಖ ಕಿಟಕಿಯ ಕಡೆ ತಿರುಗಿತು. ಮೀಟರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮರುದಿನವೂ ಇದೇ, ಅದರ ಮರುದಿನವೂ ಇದೇ. ತಿಂಗಳು ಉರುಳುತ್ತಿತ್ತು, ಆ ಕೈ ಶಾಲಿನೊಳಗೇ ಬಿಗಿಯುತ್ತಿತ್ತು, ಈ ಮುದುಕನಿಗೆ ಮಾತ್ರ ತನ್ನ ಹಟವೇ ದೊಡ್ಡದು. ಅತ್ತುಬಿಡಬೇಕು ಅನಿಸಿತು ಅವಳಿಗೆ.

ಒಂದು ಸಂಜೆ ಕೆಲಸದಿಂದ ಬಂದು ಆನ್ ಮಾಡಿದರೆ ಚೆಂಡು ಬೂದಿಯುಂಡೆಯ ಹಾಗೆ ಮಸುಕಾಗಿ ಊದಿಕೊಂಡಿದೆ, ಬ್ಯಾಟು ಗಾಜಿನ ಅಂಚಿನಾಚೆ ಹೋಗಿಬಿಟ್ಟಿದೆ.

"ಅಮ್ಮಾ! ಇದನ್ನ ಯಾರು ಮುಟ್ಟಿದ್ದು?"

"ಧೂಳು ಕೂತಿತ್ತು, ಗುಂಡಿ ಗುಂಡೀನೂ ತಿರುಗಿಸಿ ಒರೆಸಿದೆ. ಅದೂ ತಪ್ಪಾ?" ಎಂದಳು ಅಮ್ಮ, ಬಿಸಿ ಹಾಲಿನ ಲೋಟವನ್ನು ಅಪ್ಪನ ಎಡಗೈಗೆ ಕೊಡುತ್ತ.

"ಎಂಟು ವಾರ ಜೀವ ತೇಯ್ದಿದೀನಿ ಇದಕ್ಕೆ!"

"ನಿನ್ನ ಡಬ್ಬಕ್ಕಿಷ್ಟು ಬೆಂಕಿ ಹಾಕ!"

ತಾಯಿ ಮಗಳು ಹೀಗೆ ಜಟಾಪಟಿಗೆ ಇಳಿದಿದ್ದಾಗ ಅಪ್ಪ ಗಾಜನ್ನೇ ದಿಟ್ಟಿಸುತ್ತಿದ್ದ. "ಥೂ, ಏನಿದು ಅಸಹ್ಯ" ಎಂದು ಗೊಣಗಿದ. ಎಡಗೈಯಲ್ಲಿ ತುಂಬಿದ ಲೋಟ. ಶಾಲು ಜಾರಿತು. ಬಲಗೈ ಹೊರಗೆ ಬಂದು ಫೋಕಸ್ ಗುಂಡಿಯ ಮೇಲೆ ಕೂತಿತು.

ಬೆರಳು ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ನೆರವಿಗೆ ಹೊರಟ ಮೀಟರಮ್ಮನ ರಟ್ಟೆಯನ್ನು ಅಮ್ಮ ಗಟ್ಟಿಯಾಗಿ ಹಿಡಿದುಕೊಂಡಳು. ಮೂರನೆಯ ಸಲ ಗುಂಡಿ ಕೂದಲೆಳೆಯಷ್ಟು ಹೊರಳಿತು.

"ಮೊದಲು ಫೋಕಸ್, ಆಮೇಲೆ ಮಿಕ್ಕಿದ್ದು. ಎಷ್ಟು ಸಲ ಹೇಳಿಲ್ಲ ನಿಂಗೆ?" ಅಪ್ಪ ಬೆವರುತ್ತ ಬೈದ. ಹಾಲು ಆರಿ ಕೆನೆಗಟ್ಟುವ ಹೊತ್ತಿಗೆ ಚೆಂಡು ಮತ್ತೆ ಸಾಸಿವೆಕಾಳಾಯಿತು, ಬ್ಯಾಟು ಗಾಜಿನೊಳಗೆ ಬಂತು. ಮೀಟರಮ್ಮ ಆಟದ ಗುಂಡಿಯನ್ನು ಅವನ ಕಡೆ ಸರಿಸಿದಳು. ಅಪ್ಪ ಅದರತ್ತ ನೋಡಲೂ ಇಲ್ಲ. ಬಲಗೈ ಹೆಬ್ಬೆರಳನ್ನು ಸ್ವಿಚ್ಚಿನ ಮೇಲೆ ಒತ್ತಿ, ಒತ್ತಿ, ಟಕ್ಕೆಂದು ಆರಿಸಿದ.

"ಚುಕ್ಕೆ ಒಂದೇ ಕಡೆ ನಿಂತ್ರೆ ಗಾಜು ಸುಟ್ಟುಹೋಗುತ್ತೆ. ಕೆಲಸ ಮುಗೀತಾ, ಆರಿಸು."

ಈಗ ದಿನಾ ಬೆಳಗ್ಗೆ ಮೀಟರಮ್ಮ, ಅಮ್ಮ ನೋಡಿಬಿಟ್ಟಾಳೆಂದು ಅಡುಗೆಮನೆಯ ಕಡೆ ಒಂದು ಕಣ್ಣಿಟ್ಟು, ಆರು ಗುಂಡಿಗಳನ್ನು ತನ್ನ ಕೈಯಾರೆ ಅಡ್ಡಾದಿಡ್ಡಿ ತಿರುಗಿಸಿ ಕೆಡಿಸುತ್ತಾಳೆ. ಸ್ವಿಚ್ಚು ಬಿಗಿ ಎಂದು ಗೊತ್ತಿದ್ದರೂ ಅದಕ್ಕೆ ಎಣ್ಣೆ ಬಿಟ್ಟಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಬೈಗುಳ ಕೇಳಿಸುತ್ತದೆ.

"ಮತ್ತೆ ಕೆಡಿಸಿದ್ಯಾ? ನಿಂಗೆ ಕೆಲಸ ಕಲಿಸಿದ್ದು ಯಾರೇ?"

"ನೀನೇ ಅಲ್ವಾ ಅಪ್ಪ."

ಮೊನ್ನೆ ಅಪ್ಪ ಆ ಕೈಯಲ್ಲೇ ಅಂಗಿಯ ಎರಡು ಗುಂಡಿ ಹಾಕಿಕೊಂಡ. ಟೆನಿಸಿನ ಅಂಕ ಈಗಲೂ ಸೊನ್ನೆ-ಸೊನ್ನೆ.