ಮಲ್ಲಮ್ಮ ಕೊಡದ ದೀಕ್ಷೆ

ಸಂಗಯ್ಯನವರು ಕನ್ನಡಕವನ್ನು ಹಣೆಗೇರಿಸಿ, ಇಷ್ಟಲಿಂಗವನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗುಚಿ ನೋಡಿದರು. ಹೆಬ್ಬೆರಳಿನಿಂದ ಅದರ ತಳ ಸವರಿದರು.

"ಅಕ್ಕಾರ, ಇದು ನಿಮ್ಮದಲ್ಲರಿ."

ಮಲ್ಲಮ್ಮ ನಕ್ಕಳು. "ನನ್ನ ಕೊರಳಾಗಿಂದ ತೆಗದು ಈಗ ನಿಮ್ಮ ಕೈಯಾಗ ಕೊಟ್ಟೇನಿ. ನನ್ನದಲ್ಲದ ಮತ್ತ ಯಾರದ್ರಿ ಅಜ್ಜಾರ?"

"ನಗಬ್ಯಾಡ್ರಿ. ನಿಮ್ಮ ಲಿಂಗದ ತಳದಾಗ ಅಕ್ಕಿಕಾಳಿನಷ್ಟು ಚಕ್ಕಿ ಎದ್ದಿತ್ತು. ಕಂತಿ ಕಟ್ಟಿದವ ನಾ, ನನಗ ಗೊತ್ತಿಲ್ಲೇನು? ಇದರ ತಳ ನುಣ್ಣಗೈತಿ. ಇದು ಬನಶಂಕರಿ ಅವ್ವಾರದು."

ಹುನಗುಂದದ ಹಳೆ ಊರಿನ ಈ ಪಡಸಾಲೆಯಲ್ಲಿ ಕೂತು ಸಂಗಯ್ಯನವರು ನಲವತ್ತು ವರ್ಷಗಳಿಂದ ಮಾಡುತ್ತ ಬಂದದ್ದು ಒಂದೇ ಕೆಲಸ. ಇಷ್ಟಲಿಂಗದ ಮೇಲಿನ ಕರಿ ಹೊದಿಕೆಗೆ ಕಂತಿ ಎನ್ನುತ್ತಾರೆ. ಅದು ಸವೆದಾಗ ತೆಗೆದು ಹೊಸದು ಕಟ್ಟುವುದು. ಯಾರ ಲಿಂಗ ಹೇಗಿದೆ ಎಂಬುದು ಅವರ ಬೆರಳಿಗೆ ನೆನಪಿರುತ್ತದೆ. ಆ ಗುರುವಾರ ಬೆಳಿಗ್ಗೆ ಮಲ್ಲಮ್ಮ ಬಂದದ್ದೂ ಕಂತಿ ಕಟ್ಟಿಸುವುದಕ್ಕೇ. ಸೋಮವಾರ ಆಕೆ ಮೊದಲ ಬಾರಿಗೆ ಒಬ್ಬ ಹುಡುಗಿಗೆ ಸನ್ಯಾಸದ ದೀಕ್ಷೆ ಕೊಡುವವಳಿದ್ದಳು. ಲಿಂಗ ಮೈಮೇಲೆ ಇಲ್ಲದಷ್ಟು ಹೊತ್ತು ನೀರೂ ಕುಡಿಯುವಂತಿಲ್ಲ. ಮೂರು ತಾಸು ಬಾಯಿ ಒಣಗಿಸಿಕೊಂಡು ಕೂಡಲು ತಯಾರಾಗಿಯೇ ಬಂದಿದ್ದಳು.

ಬನಶಂಕರಿ ಸತ್ತು ಎರಡು ವರ್ಷವಾಗಿತ್ತು. ಸಮಾಧಿ ಮಾಡುವಾಗ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟೇ ಮಣ್ಣು ಕೊಡುವುದು ಪದ್ಧತಿ. ಆಕೆಯ ಲಿಂಗ ಇಲ್ಲಿದ್ದರೆ, ಆಶ್ರಮದ ಹಿಂದಿನ ಆ ಗುಂಡಿಯಲ್ಲಿ, ಆಕೆಯ ಕೈಯಲ್ಲಿ ಇರುವುದು ಮಲ್ಲಮ್ಮನದು.

ಮಲ್ಲಮ್ಮನಿಗೆ ಈಗ ನಲವತ್ತಾರು. ಹುಟ್ಟಿದ್ದು ಕೆರೂರಿನಲ್ಲಿ, ಅಪ್ಪನದು ಬೀಜದ ಅಂಗಡಿ, ಆಗಿನ ಹೆಸರು ವಿದ್ಯಾ. ಡಿಗ್ರಿಯ ಎರಡನೆಯ ವರ್ಷದಲ್ಲಿ ಹತ್ತು ದಿನದ ಪ್ರವಚನ ಕೇಳಲೆಂದು ಹುನಗುಂದ–ಇಳಕಲ್ ರಸ್ತೆಯ ಮಗ್ಗುಲಲ್ಲಿರುವ ಹೆಣ್ಣುಮಕ್ಕಳ ಆಶ್ರಮಕ್ಕೆ ಬಂದವಳು ಮನೆಗೆ ಹೋಗಲೇ ಇಲ್ಲ. ಅಪ್ಪ ಮೂರು ಸಲ ಕರೆಯಲು ಬಂದ. ಮೊದಲ ಸಲ ಬೈದ, ಎರಡನೆಯ ಸಲ ಅತ್ತ, ಮೂರನೆಯ ಸಲ ಆಕೆಯ ಬಟ್ಟೆಯ ಚೀಲ ತಂದಿಟ್ಟು ಹೋದ. ಆಶ್ರಮ ಕಟ್ಟಿದ ಸೋಮವ್ವ ತಾಯಿ ಆಕೆಗೆ ಕಾವಿ ಕೊಟ್ಟು ಹೆಸರು ಬದಲಿಸಿದರು. ಆಕೆಗಿಂತ ಒಂದು ವರ್ಷ ಮೊದಲು ಬಂದಿದ್ದ ಬನಶಂಕರಿ, ಪಕ್ಕದ ಕೋಣೆಯವಳು, ಅಡಿಗೆಯ ಮನೆಯ ಒಡತಿ. ಮಲ್ಲಮ್ಮನಿಗೆ ಸಿಕ್ಕಿದ್ದು ಮಾತು. ಶ್ರಾವಣ ಬಂತೆಂದರೆ ತುಳಸಿಗೇರಿ, ಕೆರೂರ ಎಂದು ಊರೂರಿನಿಂದ ಕರೆ ಬರುತ್ತಿತ್ತು. ಆಕೆ ಮಾತಿಗೆ ಕೂತರೆ ಗಂಡಸರೂ ಗುಟ್ಕಾ ಉಗುಳಿ ಬಂದು ಕೂಡುತ್ತಿದ್ದರು.

ಲಿಂಗ ಅದಲು ಬದಲಾದದ್ದು ಎಲ್ಲಿ ಎಂದು ಮಲ್ಲಮ್ಮನಿಗೆ ಬಹಳ ಹುಡುಕಬೇಕಾಗಲಿಲ್ಲ. ನವನಗರದ ದವಾಖಾನೆ. ಬನಶಂಕರಿಯ ಹೊಟ್ಟೆಯ ಸ್ಕ್ಯಾನಿಂಗಿಗೆ ಒಳಗೆ ಕರೆದೊಯ್ಯುವಾಗ ಮೈಮೇಲಿನದೆಲ್ಲ ತೆಗೆಯಿರಿ ಎಂದರು. ಬನಶಂಕರಿ ಮಲ್ಲಮ್ಮನ ಕೈ ಬಿಡಲೊಲ್ಲಳು. ಜೊತೆಗೆ ಬರುವವರೂ ತೆಗೆಯಬೇಕು ಎಂದಾಗ ಮಲ್ಲಮ್ಮ ತನ್ನದನ್ನೂ ಬಿಚ್ಚಿ ಚೀಲಕ್ಕೆ ಹಾಕಿದಳು. ಎರಡಕ್ಕೂ ಒಂದೇ ಥಾನಿನ ಕಾವಿ ಬಟ್ಟೆಯ ಹೊದಿಕೆ, ಎರಡನ್ನೂ ಹೊಲಿದವಳು ಮಲ್ಲಮ್ಮನೇ. ಹೊರಗೆ ಬಂದ ಗಡಿಬಿಡಿಯಲ್ಲಿ ಒಂದನ್ನು ಆಕೆಯ ಕೊರಳಿಗೆ ಕಟ್ಟಿದಳು, ಇನ್ನೊಂದನ್ನು ತನ್ನ ಕೊರಳಿಗೆ.

ದವಾಖಾನೆ ಸೇರಿದ ಹನ್ನೊಂದನೆಯ ದಿನ ಮಧ್ಯಾಹ್ನ ಬನಶಂಕರಿ ಕಣ್ಣು ತೆರೆದು ಕೇಳಿದ್ದಳು: "ಮಲ್ಲವ್ವಾ, ಸತ್ತ ಮ್ಯಾಲ ಅಲ್ಲೇನರ ಐತೇನ?"

"ಐತಿ," ಎಂದಿದ್ದಳು ಮಲ್ಲಮ್ಮ. ಪ್ರವಚನದಲ್ಲಿ ಹೇಳುವ ದನಿಯಲ್ಲೇ ಹೇಳಿದ್ದಳು, ಹೇಳುವಾಗ ಅದು ತನಗೇ ನಿಜವೆನಿಸಿರಲಿಲ್ಲ. ಬನಶಂಕರಿ ಆಕೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಗೋಡೆಯ ಕಡೆಗೆ ಹೊರಳಿ ಮಲಗಿದಳು. ಸಂಜೆ ಹೋದಳು.

ಆ ಒಂದು ಮಾತು ಆಡಿದ ಕ್ಷಣದಿಂದ ಮಲ್ಲಮ್ಮನ ಪೂಜೆ ಬರಿದಾಗಿತ್ತು. ದಿನಕ್ಕೆರಡು ಸಲ ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ರೆಪ್ಪೆ ಬಡಿಯದೆ ನೋಡುತ್ತ ಕೂತಿದ್ದಳು. ಎದುರಿಗೆ ಒಂದು ಕರಿಯ ಕಲ್ಲು ಇರುತ್ತಿತ್ತು. ಇಂದಲ್ಲ ನಾಳೆ ಸರಿಹೋದೀತು ಎಂದುಕೊಂಡು ಏಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಸಂಗಯ್ಯನವರ ಪಡಸಾಲೆಯಲ್ಲಿ ಆಕೆಗೆ ಮೈ ಬೆವರಿದ್ದು ಲಿಂಗ ಬದಲಾಗಿದೆ ಎಂಬುದಕ್ಕಲ್ಲ. ಎರಡು ವರ್ಷ ಅಂಗೈಯಲ್ಲಿಟ್ಟು ದಿಟ್ಟಿಸಿದ್ದು ಬೇರೆಯವರ ಲಿಂಗ ಎಂದು ತನಗೆ ತಿಳಿದೇ ಇರಲಿಲ್ಲ ಎಂಬುದಕ್ಕೆ. ತಾನು ನೋಡುತ್ತಲೇ ಇರಲಿಲ್ಲ.

ಕಂತಿ ಕಟ್ಟಿಸಿಕೊಂಡು ಮಧ್ಯಾಹ್ನ ಆಶ್ರಮಕ್ಕೆ ಮರಳಿದವಳು ನೇರವಾಗಿ ಸೋಮವ್ವ ತಾಯಿಯವರ ಕೋಣೆಗೆ ಹೋದಳು. ಎಪ್ಪತ್ತೊಂಬತ್ತರ ಸೋಮವ್ವ ತಾಯಿಗೆ ಹೋದ ವರ್ಷ ಲಕ್ವ ಹೊಡೆದು ಬಲಗೈ ನಡುಗುತ್ತಿತ್ತು. ದೀಕ್ಷೆ ಕೊಡುವ ಅಧಿಕಾರವನ್ನು ಮಲ್ಲಮ್ಮನಿಗೆ ಬಿಟ್ಟುಕೊಟ್ಟಿದ್ದು ಅದಕ್ಕೇ. ಮಲ್ಲಮ್ಮ ಎಲ್ಲವನ್ನೂ ಹೇಳಿದಳು, ದವಾಖಾನೆಯ ಮಾತನ್ನೂ, ಬರಿದಾದ ಪೂಜೆಯನ್ನೂ.

ಸೋಮವ್ವ ತಾಯಿಯ ಮುಖ ಅರಳಿತು. "ಅಯ್ಯ ಹುಚ್ಚಿ! ಇಷ್ಟಕ್ಕ ಹಿಂಗ ಮಾರಿ ಮಾಡ್ಕೊಂಡಿಯೇನ? ನಿನ್ನ ಲಿಂಗ ಮಣ್ಣಾಗೈತಿ, ನಿನಗ ಹೆಂಗ ಒಲೀಬೇಕದು? ಐತವಾರ ನಾ ನಿನಗ ಹೊಸದು ಕೊಡ್ತೇನಿ. ಸೋಮವಾರ ನೀ ಆ ಹುಡುಗಿಗೆ ಕೊಡು. ಮುಗೀತು."

"ಮುಗಿಯಂಗಿಲ್ಲ ತಾಯಿ."

"ಯಾಕ?"

"ನಾ ಸುಳ್ಳು ಹೇಳಿದ್ದು ದವಾಖಾನ್ಯಾಗ. ನನ್ನ ಲಿಂಗ ಮಣ್ಣಿಗೆ ಹೋಗಿದ್ದು ಮರುದಿನ. ಅದಲು ಬದಲಾದದ್ದರ ಮ್ಯಾಲ ಹಾಕಿದ್ರ ನನಗ ಸರಳ ಆಗತೈತಿ. ಆದ್ರ ಅದು ಖರೆ ಅಲ್ಲ."

ಸೋಮವ್ವ ತಾಯಿ ನಡುಗುವ ಕೈಯನ್ನು ಎಡಗೈಯಿಂದ ಒತ್ತಿ ಹಿಡಿದರು. "ನೀ ಮಾತಿನ್ಯಾಗ ಶಾಣ್ಯಾ ಇದ್ದೀ, ಅದ ನಿನಗ ಹೊರಿ ಆಗೈತಿ. ಹೋಗಲಿ, ಜ್ವರ ಬಂದಾವ ಅಂತ ಹೇಳೋಣು. ಮುಂದಿನ ತಿಂಗಳ ನೋಡಿದ್ರಾತು."

"ಮುಂದಿನ ತಿಂಗಳ ಏನ ಬಂದಾವ ಅಂತ ಹೇಳೋದು?"

ದೀಕ್ಷೆಯಲ್ಲಿ ಗುರುವಾದವಳು ಲಿಂಗವನ್ನು ತನ್ನ ಅಂಗೈಯಲ್ಲಿಟ್ಟು, ನೆಟ್ಟ ನೋಟದಿಂದ ಅದಕ್ಕೆ ಪ್ರಾಣ ತುಂಬಿ, ಶಿಷ್ಯೆಯ ಕೈಗೆ ಇಳಿಸಬೇಕು. ಕಿವಿಯಲ್ಲಿ ಮಂತ್ರ ಹೇಳಬೇಕು. ಬನಶಂಕರಿಗೆ ಹೇಳಿದ "ಐತಿ" ಎಂಬುದನ್ನೇ ಇಪ್ಪತ್ಮೂರು ವರ್ಷದ ಹುಡುಗಿಯ ಕಿವಿಯಲ್ಲಿ, ಅವಳು ಮನೆ ಮಠ ಬಿಟ್ಟು ಬರುವ ದಿನ, ಮತ್ತೊಮ್ಮೆ ಹೇಳುವುದು. ಅದನ್ನು ತಾನು ಮಾಡುವುದಿಲ್ಲ ಎಂದು ಮಲ್ಲಮ್ಮ ಸೋಮವ್ವ ತಾಯಿಯ ಮುಂದೆ ಎರಡು ಸಲ ಹೇಳಿದಳು. ಎರಡನೆಯ ಸಲ ಹೇಳಿದಾಗ ತಾಯಿ ಮುಸುಕು ಎಳೆದುಕೊಂಡು ಮಲಗಿಬಿಟ್ಟರು.

ಮರುದಿನ ಶುಕ್ರವಾರ ಆಕೆ ಬಸ್ಸು ಹಿಡಿದು ಇಳಕಲ್ಲಿಗೆ ಹೋದಳು. ದೀಕ್ಷೆ ಪಡೆಯಲಿದ್ದ ನೇತ್ರಾಳ ಮನೆಯಲ್ಲಿ ಎರಡು ಕುಣಿಮಗ್ಗಗಳು. ಒಂದು ನಿಂತಿತ್ತು, ಇನ್ನೊಂದರಲ್ಲಿ ನೇತ್ರಾ ಗುಂಡಿಗೆ ಕಾಲಿಳಿಬಿಟ್ಟು ಸೆರಗು ನೇಯುತ್ತಿದ್ದಳು. ಬಾಗಿಲಲ್ಲಿ ಪಕ್ಕದ ಮನೆಯ ಕಾಸಿಂಬಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು.

"ಇದ ಕಡೀ ಸೀರಿ ನೋಡ್ರಿ ಅಕ್ಕಾರ," ಎಂದಳು ನೇತ್ರಾ. "ಮುಗಿಸೇ ಬರ್ತೇನಿ."

ಮಲ್ಲಮ್ಮ ಗುಂಡಿಯ ಅಂಚಿನಲ್ಲಿ ಕೂತು ಹೇಳಬೇಕಾದ್ದನ್ನು ಹೇಳಿದಳು. ಸುತ್ತು ಬಳಸಲಿಲ್ಲ. ನೇತ್ರಾಳ ಕೈಯಲ್ಲಿ ಲಾಳಿ ನಿಂತಿತು.

"ಹತ್ತನೇತ್ತೆ ಇದ್ದಾಗಿಂದ ನಿಮ್ಮ ಮಾತ ಕೇಳೇ ನಾ ಈ ದಾರಿ ಹಿಡಿದಿದ್ದು. ಎರಡ ಸಂಬಂಧ ಬ್ಯಾಡಂದೆ. ಅವ್ವನ ಕೂಡ ವರ್ಷಾನಗಟ್ಟಲೆ ಜಗಳಾಡಿದೆ. ಈಗ ಬಂದು ನನ್ನ ಹತ್ರ ಏನೂ ಇಲ್ಲ ಅಂತೀರಿ?"

"ಅಂತೇನಿ."

"ಇದನ್ನ ಹೋದ ವರ್ಷ ಅನ್ನಾಕ ಏನಾಗಿತ್ರಿ?"

"ಅಂಜಿದ್ದೆ," ಎಂದಳು ಮಲ್ಲಮ್ಮ. "ನನಗ ಬ್ಯಾರೆ ಏನೂ ಮಾಡಾಕ ಬರಂಗಿಲ್ಲ ಅಂತ."

ಒಳಗಿನ ಮಾತು ಕೇಳಿಸದ ಕಾಸಿಂಬಿ ಬಾಗಿಲಿನಿಂದಲೇ ಕೂಗಿದಳು: "ಏನವ್ವಾ ನೇತ್ರಾ, ಅಕ್ಕಾರು ಮನೀಗೆ ಬಂದಾರ, ಒಂದ ಕಪ್ ಚಾ ಇಲ್ಲ! ಇಬ್ರೂ ಜಡ್ಡ ಬಿದ್ದವರಂಗ ಮಾರಿ ಇಳಿಬಿಟ್ಟ ಕುಂತೀರಿ."

ನೇತ್ರಾ ಮೇಲೆದ್ದು ಬಂದು ಚಹಾ ಇಟ್ಟಳು. ಕಪ್ಪನ್ನು ಮಲ್ಲಮ್ಮನ ಮುಂದೆ ಇಟ್ಟು, ನಿಂತುಕೊಂಡೇ ಹೇಳಿದಳು: "ಸೋಮವಾರ ನಾ ಬರ್ತೇನಿ. ನಿಮ್ಮ ಸಲುವಾಗಿ ಮನಿ ಬಿಡಾಕತ್ತಿದ್ದಿಲ್ಲ ನಾ. ಆದ್ರ ನಿಮ್ಮ ಕೈಯಿಂದ ತಗೊಳ್ಳಂಗಿಲ್ಲ. ತಾಯಾರ ಕೈ ನಡುಗಿದ್ರೂ ಅಡ್ಡಿಯಿಲ್ಲ."

"ಅದ ಸರಿ," ಎಂದಳು ಮಲ್ಲಮ್ಮ. ಚಹಾ ಬಿಸಿಯಿತ್ತು, ಊದಿಕೊಂಡು ಪೂರ್ತಿ ಕುಡಿದಳು.

ಸೋಮವಾರ ಆಶ್ರಮದ ಪ್ರಾರ್ಥನೆಯ ಹಾಲಿನಲ್ಲಿ ಸುಮಾರು ಎಂಬತ್ತು ಹೆಂಗಸರು ಸೇರಿದ್ದರು. ವೇದಿಕೆಯ ಮೇಲೆ ಸೋಮವ್ವ ತಾಯಿ, ಕೆಳಗೆ ಬಿಳಿ ಸೀರೆಯ ನೇತ್ರಾ. ಮಲ್ಲಮ್ಮ ಮೈಕು ಹಿಡಿದಳು. ಪ್ರವಚನವಿರಬೇಕೆಂದು ಹೆಂಗಸರು ಸೆರಗು ಸರಿಮಾಡಿಕೊಂಡು ಕೂತರು. ಆಕೆಯ ಮಾತು ಐದು ನಿಮಿಷದಲ್ಲಿ ಮುಗಿಯಿತು. ದವಾಖಾನೆಯಲ್ಲಿ ಹೇಳಿದ ಸುಳ್ಳು, ಬದಲಾದ ಲಿಂಗ, ಅದು ತನಗೆ ತಿಳಿಯದೆ ಹೋದದ್ದು. "ಇವತ್ತಿನಿಂದ ನಾ ದೀಕ್ಷಾ ಕೊಡಂಗಿಲ್ಲ, ಪ್ರವಚನಾ ಹೇಳಂಗಿಲ್ಲ," ಎಂದು ಮೈಕು ಕೆಳಗಿಟ್ಟು, ವೇದಿಕೆಯಿಂದ ಇಳಿದು ಹೆಂಗಸರ ನಡುವೆ ಬಂದು ಕೂತಳು. ಪಕ್ಕದಲ್ಲಿದ್ದವಳು ಚಾಪೆಯ ಮೇಲೆ ಜಾಗ ಬಿಡಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಗೇಣಷ್ಟು ಸರಿದಳು.

ಸೋಮವ್ವ ತಾಯಿ ಮೊಣಕೈಯನ್ನು ಮಣೆಗೆ ಊರಿ ದೀಕ್ಷೆ ಕೊಟ್ಟರು. ಲಿಂಗ ಎರಡು ಸಲ ಅಲುಗಿತು, ಬೀಳಲಿಲ್ಲ. ನೇತ್ರಾ ಎರಡೂ ಕೈಯೊಡ್ಡಿ ಹಿಡಿದುಕೊಂಡಳು.

ಪ್ರಸಾದಕ್ಕೆ ಏಳುವಾಗ ತುಳಸಿಗೇರಿಯ ಮುದುಕಿಯೊಬ್ಬಳು ಮಲ್ಲಮ್ಮನ ಮುಂದೆ ಬಂದು ನಿಂತಳು. "ನನ್ನ ಮಗ ಸತ್ತಾಗ ನೀವ ಬಂದು ಸಮಾಧಾನ ಹೇಳಿದ್ರಿ. ಆವಾಗಿಂದೂ ಸುಳ್ಳೇನ್ರಿ?"

"ಯಾವಾಗ ಯವ್ವಾ ಅದು?"

"ಐದ ವರ್ಷ ಆತು."

"ಆವಾಗ ಖರೆ ಇತ್ತು. ನನಗ ಖರೆ ಅನಿಸೇ ಹೇಳೇನಿ."

"ಈಗ ಹೇಳ್ರಿ ಅಂದ್ರ ಹೇಳ್ತೀರೇನು?"

"ಇಲ್ಲ."

ಮುದುಕಿ ಹ್ಞೂಂ ಎಂದು ತಾಟು ಹುಡುಕಿಕೊಂಡು ಹೋದಳು.

ಸೋಮವ್ವ ತಾಯಿ ಹೊಸ ಲಿಂಗದ ಮಾತನ್ನು ಮತ್ತೆ ಎತ್ತಿದ್ದು ಮರುದಿನ ಬೆಳಿಗ್ಗೆ. ಮಲ್ಲಮ್ಮ ಬೇಡವೆಂದಳು, ಇರುವ ಬನಶಂಕರಿಯದೇ ಸಾಕು ಎಂದಳು. ತಾಯಿಗೆ ಸಿಟ್ಟು ಬಂತು.

"ಈ ಮನ್ಯಾಗ ಪೂಜಿ ಮಾಡಲಿಲ್ಲಂದ್ರ ಒಂದ ತುತ್ತು ಸಿಗಂಗಿಲ್ಲ, ಗೊತ್ತೈತಿಲ್ಲೋ? ಪೂಜಿ ಬರಲಾರದಕಿ ಹೆಂಗ ಉಣ್ಣಾಕಿ ನೀ? ಕೆರೂರಿಗೆ ಹೋಗಿ ಬೀಜಾ ಮಾರ್ತಿಯೇನು?"

"ಎಲ್ಲಿಗೂ ಹೋಗಂಗಿಲ್ಲ. ದಿನಾ ಕುಂಡ್ರತೇನಿ, ಎರಡೂ ಹೊತ್ತು. ಇನ್ನ ಮ್ಯಾಲ ಕಣ್ಣ ತೆರದು ನೋಡ್ತೇನಿ. ಕಂಡ್ರ ಕಂಡೈತಿ ಅಂತ ನಿಮಗ ಬಂದ ಹೇಳ್ತೇನಿ. ಕಾಣಲಿಲ್ಲಂದ್ರ ಕಾಣಲಿಲ್ಲ ಅಂತೇನಿ. ಅಷ್ಟಕ್ಕ ಊಟಾ ಹಾಕೂದಿದ್ರ ಹಾಕ್ರಿ."

ಸೋಮವ್ವ ತಾಯಿ ವಿಭೂತಿಯ ಗಟ್ಟಿಯನ್ನು ಆಕೆಯ ಕಡೆಗೆ ಸರಿಸಿದರು. ಆಮೇಲೆ, ಆಶ್ರಮದ ಹಾಸ್ಟೆಲಿನ ಹುಡುಗಿಯರಿಗೆ ಗಣಿತ ಹೇಳಿಕೊಡುವವರು ಯಾರೂ ಇಲ್ಲ, ಸಂಜೆ ಅದನ್ನು ನೋಡು ಎಂದರು.

ಮಲ್ಲಮ್ಮ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಮಣೆ ಹಾಕಿಕೊಂಡು ಕೂತಳು. ಅಂಗೈಯಲ್ಲಿದ್ದುದು ಕರಿಯ ಕಲ್ಲೇ. ಅರ್ಧ ತಾಸು ಅದನ್ನೇ ನೋಡಿದಳು. ಎದ್ದು ಬಂದು ತಾಯಿಯ ಬಾಗಿಲಲ್ಲಿ ನಿಂತು, "ಇವತ್ತ ಏನೂ ಕಾಣಲಿಲ್ಲರಿ," ಎಂದು ಹೇಳಿ, ಊಟಕ್ಕೆ ಹೋದಳು.