ಮಾಟಗಾತಿಯೇ ಇಲ್ಲದ ಆಟ

ಕೌಲ್ ಬಜಾರಿನಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಕೊಟ್ಟೂರಪ್ಪ ಕಟ್ಟಿಗೆ ಕಡೆಯುತ್ತಿದ್ದ. ತೊಟ್ಟಿಲ ಕಾಲು, ಬುಗುರಿ, ಲಟ್ಟಣಿಗೆ. ಇಷ್ಟು ಮಾಡಿಕೊಂಡು ತೆಪ್ಪಗಿರಬಹುದಿತ್ತು ಮಹಾರಾಯ. ಎಪ್ಪತ್ತೆರಡನೇ ಇಸವಿಯಲ್ಲಿ ಆಟಿಕೆ ವ್ಯಾಪಾರಿ ಚಿದಾನಂದಪ್ಪ ಬಂದು ಅವನ ತಲೆಗೆ ಹುಳ ಬಿಟ್ಟ. ಹಿಂದೆ ಪರದೇಶದಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಹುಡುಕಿ ಸುಡುತ್ತಿದ್ದರಂತೆ, ಅದನ್ನೇ ಗೊಂಬೆ ಇಟ್ಟು ಆಡುವ ಆಟ ಮಾಡಿಕೊಡು ಎಂದ.

ಆ ಮನೆಯಲ್ಲೇ ಈ ಆಟವೇ? ಕೊಟ್ಟೂರಪ್ಪನ ಅಕ್ಕ ಸುವರ್ಣಮ್ಮನನ್ನು ರಾರಾವಿ ಊರಿನ ಗಂಡನ ಮನೆಯವರು ಇದೇ ಹೆಸರಿಟ್ಟು ಹೊರಹಾಕಿದ್ದರು, ಅವಳು ತಮ್ಮನ ಮನೆ ಸೇರಿದ್ದಳು. ಮೈದುನನ ಎತ್ತು ಸತ್ತದ್ದು ಇವಳ ಮಾಟದಿಂದಂತೆ. ಈಗ ಅಲ್ಲೇ ಉಳಿದಿದ್ದ ಮಗಳಿಗೆ ಮದುವೆ. ಸೋದರಮಾವ ಬರಲಿ, ಅವ್ವ ಬೇಡ ಎಂದು ಮಗಳೇ ಹೇಳಿಕಳಿಸಿದ್ದಳು. ಹೋಗಿಯೇ ತೀರುತ್ತೇನೆ, ಚಪ್ಪರದಲ್ಲೇ ಅವಳ ಮುಖಕ್ಕೆ ಉಗಿಯುತ್ತೇನೆ ಎಂದು ಸುವರ್ಣಕ್ಕ ಕುದಿಯುತ್ತಿದ್ದಳು. ಕೊಟ್ಟೂರಪ್ಪ ದಿಕ್ಕೇ ತೋಚದೆ ಗೊಂಬೆ ಕಡೆಯುತ್ತ ಕೂತ.

ಯಂತ್ರದಲ್ಲಿ ಕಡೆದ ಗೊಂಬೆಗಳು ಎಲ್ಲ ಒಂದೇ ಥರ. ಮಾಟಗಾತಿ ಯಾವಳು? ಒಬ್ಬಳ ಬುಡಕ್ಕೆ ಕೆಂಪು ಅರಗು ಹಚ್ಚಿದ. ಅವಳು ಸಿಕ್ಕೊಡನೆ ಆಟ ಮುಗಿಯುತ್ತಿತ್ತು. ಅರಗು ಕೆರೆದು ತೆಗೆದ. ಆಟ ಮುಗಿಯಲೇ ಒಲ್ಲದು, ಆಡಲು ಕೂತ ನಾವೂ ಏಳಲೊಲ್ಲೆವು. ಕವಡೆ ಹಾಕಿ, ಸರದಿ ಬಂದವರು ಒಬ್ಬರ ಗೊಂಬೆಗೆ ಮಾಟಗಾತಿ ಎಂದು ಬೊಟ್ಟು ಮಾಡಬೇಕು. ಅವರು ಥಟ್ಟನೆ ಇನ್ನೊಬ್ಬರದಕ್ಕೆ ಬೊಟ್ಟು ಮಾಡಿದರೆ ಉಳಿದರು, ತಡಮಾಡಿದರೆ ಗೊಂಬೆ ಹಲಗೆಯ ಮೂಲೆಯ ಒಲೆಗೆ. ಮಾಟಗಾತಿಯೇ ಇಲ್ಲವಲ್ಲೋ ಎಂದು ನಾನು ರೇಗಿದೆ.

"ಅದೇ ನನಗೂ ತಿಳೀವಲ್ದು," ಎಂದು ತಲೆ ಕೆರೆದುಕೊಂಡ.

ಮಾಟಗಾತಿಯಿಲ್ಲದ ಆಟ ಯಾರಿಗೆ ಬೇಕು ಎಂದು ಚಿದಾನಂದಪ್ಪ ಹೊರಟೇಹೋದ. ಮಾಡಿದ್ದನ್ನು ಬಿಡಲಾರದೆ ನಾವು ಮತ್ತೆ ಹಲಗೆ ಹಾಕಿದೆವು. ಆಡಲು ಮೂರನೆಯವರೊಬ್ಬರು ಬೇಕೆಂದು ಸುವರ್ಣಕ್ಕನನ್ನು ಕರೆದರೆ ಬೈಯುತ್ತಲೇ ಬಂದು ಕೂತಳು. ನಾನು ಅವಳ ಗೊಂಬೆಗೆ ಬೊಟ್ಟು ಮಾಡಿದೆ. ಕಣ್ಣು ಮಿಟುಕಿಸುವುದರೊಳಗೆ ಅವಳು ತಮ್ಮನದಕ್ಕೆ ಮಾಡಿದಳು. ಅವನು ತಡಮಾಡಿದ, ಗೊಂಬೆ ಒಲೆಗೆ ಹೋಯಿತು. ಚಪ್ಪಾಳೆ ತಟ್ಟಿ ನಕ್ಕಳು. ಆಮೇಲೆ ನಗು ನಿಂತಿತು.

"ಕೊಟ್ಟೂರಾ, ನೀ ಏನ್ ಮಾಡಿದ್ದಿ ಅಂತ ನಿನ್ನ ತೋರಿಸಿದೆನೋ?"

ಆಟ ಅಲ್ಲೇನಕ್ಕ ಎಂದ ಅವನು.

"ಅಂಜಿಕಿ ಬಂತು ನೋಡು. ನನ್ನ ಆ ಹುಡುಗಿಗೂ ಹಿಂಗ ಬಂದಿರಬೇಕು."

ನನಗೆ ಆಟವನ್ನು ಬೈಯಬೇಕೋ ಹೊಗಳಬೇಕೋ ಇವತ್ತಿಗೂ ಗೊತ್ತಾಗಿಲ್ಲ.

ಮದುವೆಗೆ ಅವಳು ಹೋಗಲಿಲ್ಲ. ಸೋದರಮಾವ ಸೀರೆ ಕುಪ್ಪಸ ಒಯ್ಯುವುದು ಪದ್ಧತಿ, ಯಾರು ಕೊಟ್ಟದ್ದೆಂದು ಯಾರೂ ಕೇಳುವುದಿಲ್ಲ. ಸೀರೆ ತಾನೇ ಆರಿಸಿದಳು. ಮಗಳ ಅಳತೆ ಗೊತ್ತಿಲ್ಲದೆ ಕುಪ್ಪಸವನ್ನು ನನ್ನ ಕೈಲಿ ತನ್ನ ಅಳತೆಗೇ ಹೊಲಿಸಿದಳು, ತನ್ನ ಹೆಸರು ಹೇಳಬೇಡವೆಂದು ತಮ್ಮನಿಗೆ ತಾಕೀತು ಮಾಡಿದಳು.

ಕೊಟ್ಟೂರಪ್ಪ ತಿರುಗಿ ಬಂದು ಹೇಳಿದ: ಕುಪ್ಪಸ ತೀರ ಸಡಿಲಾಗಿತ್ತಂತೆ. ನನ್ನ ಹೊಲಿಗೆಯನ್ನು ನೆಂಟರೆಲ್ಲ ಆಡಿಕೊಂಡು, ಬೇರೆ ತೊಟ್ಟುಕೋ ಎಂದರಂತೆ. ಮಗಳು ಸೋದರಮಾವನ ಕಿವಿಯಲ್ಲಿ, "ಇದು ಅವ್ವನ ಅಳತೀದು," ಎಂದು ಅದನ್ನೇ ತೊಟ್ಟು ಮಂಟಪಕ್ಕೆ ನಡೆದಳಂತೆ.