ಹುಳಿ ನೀರು, ಹಳದಿ ಬಟ್ಟೆ

ಆ ಹುಳಿ ನೀರನ್ನು ಯಂತ್ರಕ್ಕೆ ಬಿಟ್ಟವಳು ನಾನು. ನನ್ನ ಅಣ್ಣನಲ್ಲ. ತಪ್ಪು ಅವನದೆಂದು ಊರು ನಂಬಿತು — ಅವನೂ ನಂಬಿದ. ನನ್ನನ್ನು ಸುಡುವುದು ಅದೇ.

ಪೆರಿಕಲ್ಲೂರಿನ ಹೊಳೆಯ ಹತ್ತಿರ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಕಡೆ ನಾವಿಬ್ಬರೂ ಕೆಲಸಕ್ಕಿದ್ದೆವು. ಹಣ್ಣು ತೊಳೆದ ನೀರು ಲೋಳೆಯಾಗಿ, ಕಂದು ಬಣ್ಣಕ್ಕೆ ತಿರುಗಿ, ಬೇಗ ಹುಳಿಯುತ್ತದೆ. ಮೊದಲು ಅದನ್ನು ಹಳ್ಳಕ್ಕೆ ಬಿಡುತ್ತಿದ್ದರು. ಕೆಳಗಿನ ಮನೆಯವರು ಮೈ ತುರಿಸಿಕೊಂಡು ಬಂದು ಬೈಯುತ್ತಿದ್ದರು. ಆಮೇಲೆ ನಮ್ಮ ಯಜಮಾನರು, ಮೊದಲಾಳಿ, ತೊಟ್ಟಿಗಳನ್ನು ಕಟ್ಟಿಸಿದರು. ಸುಣ್ಣ ಹಾಕಿ ಹುಳಿ ಮುರಿದು, ಕೆಸರು ಕೂತ ಮೇಲೆ ತಿಳಿಯನ್ನು ಮರಳಿನಲ್ಲಿ ಸೋಸಿ, ಅದೇ ನೀರನ್ನು ಮತ್ತೆ ಯಂತ್ರಕ್ಕೆ ಏರಿಸುವುದು. ಆ ತೊಟ್ಟಿಗಳು ಅಣ್ಣನ ಪಾಲಿಗೆ ಬಂದವು. ಹಸುವಿನ ಮೈ ತಡವುವ ಹಾಗೆ ಅವುಗಳ ಅಂಚು ತಡವುತ್ತಿದ್ದ.

ಸುಣ್ಣ ಸಾಕಾಯಿತೇ ಎಂದು ನೋಡಲು ಕೊಟ್ಟಿದ್ದ ಕಾಗದದ ಪಟ್ಟಿಗಳು ಮುಗಿದಾಗ, ಅಣ್ಣ ಅಮ್ಮನ ಹಳೆಯ ಸೀರೆಯ ತುಂಡನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿಟ್ಟ. ತೊಟ್ಟಿಯ ನೀರು ತಾಗಿ ಅದು ಕೆಂಪಾದರೆ ಸುಣ್ಣ ಹಿಡಿದಿದೆ. ಹಳದಿಯಾಗಿಯೇ ಉಳಿದರೆ ಇನ್ನೂ ಹುಳಿ.

ನನ್ನ ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ಅಣ್ಣ ನಗುತ್ತಿದ್ದ: "ಈ ತೊಟ್ಟಿಗಿಂತ ಜಾಸ್ತಿ ಸುಣ್ಣ ನೀನೇ ತಿಂತೀಯಲ್ಲೇ ಗೌರಿ! ನಿನ್ನನ್ನೇ ಒಳಗೆ ಅದ್ದಿಬಿಟ್ರೆ ಸಾಕು."

"ಅದ್ದು ನೋಡೋಣ. ಆಮೇಲೆ ನಿನಗೆ ಚಾಯ ಯಾರು ತರ್ತಾರೆ?"

ಆ ಮಾತು ಈಗಲೂ ಕಿವಿಯಲ್ಲಿದೆ — ಎಷ್ಟು ಹತ್ತಿರ ಇದ್ದೆವು ನಾವು!

ಅವತ್ತು ಅಣ್ಣ ಅತ್ತಿಗೆಯನ್ನು ಮಾನಂದವಾಡಿ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. "ಬಟ್ಟೆ ಕೆಂಪಾದ್ರೆ ಮಾತ್ರ ಏರಿಸು. ಇಲ್ಲಾಂದ್ರೆ ಇನ್ನೊಂದು ಬುಟ್ಟಿ ಸುಣ್ಣ ಕಲಸು," ಎಂದು ಹೇಳಿ ಹೋದ. ಎಲೆಗೆ ಸುಣ್ಣ ಸವರುತ್ತಿದ್ದ ಕೈಯಲ್ಲೇ ಬಟ್ಟೆ ಅದ್ದಿ ಹಿಂಡಿದೆ. ಕೆಂಪು ಕಂಡಿತು. ಯಂತ್ರದವರು ನೀರಿಗಾಗಿ ಕೂಗುತ್ತಿದ್ದರು. ಏರಿಸಿಬಿಟ್ಟೆ.

ಮರುದಿನ ಕಣದಲ್ಲಿ ಹರಡಿದ ಬೀಜವೆಲ್ಲ ಹುಳಿ ನಾರುತ್ತಿತ್ತು. ಮೊಳೆಗೆ ತೂಗುಹಾಕಿದ್ದ ಬಟ್ಟೆಯನ್ನು ಆಗ ಸರಿಯಾಗಿ ನೋಡಿದೆ. ಕೆಂಪಿದ್ದದ್ದು ನಾನು ಹಿಡಿದ ಕಡೆ ಮಾತ್ರ — ನನ್ನ ಬೆರಳುಗಳ ಗುರುತು. ಉಳಿದದ್ದೆಲ್ಲ ಹಳದಿ. ಕೆಂಪಾಗಿಸಿದ್ದು ತೊಟ್ಟಿಯ ಸುಣ್ಣವಲ್ಲ, ನನ್ನ ಎಲೆಯ ಸುಣ್ಣ.

ಬಟ್ಟೆಯನ್ನು ಅದೇ ಹುಳಿ ನೀರಿನಲ್ಲಿ ಜಾಲಾಡಿದೆ. ಕೆಂಪು ಹೋಯಿತು. ಹಾಗೆ ಮಾಡುವಾಗ ನನಗೆ ಎಲ್ಲವೂ ಗೊತ್ತಿತ್ತು —

ಮೊದಲಾಳಿ ಎಲ್ಲರ ಮುಂದೆ ಕೇಳಿದರು: "ಯಾರು ನೋಡಿದ್ದು ನೀರು?"

ನಾನು ಚಾಯದ ಕೆಟಲು ಹಿಡಿದು ನಿಂತಿದ್ದೆ. ಅಣ್ಣ ನನ್ನ ಹೆಸರು ಎತ್ತಲಿಲ್ಲ. "ನಂದೇ ಮೊದಲಾಳೀ. ನನ್ನ ಕೈ ಅಳತೆ ತಪ್ಪಿತು," ಎಂದ.

ನನ್ನನ್ನು ಉಳಿಸಲು ಹೇಳಿದ ಮಾತೆಂದುಕೊಂಡು ಆಗ ಸಮಾಧಾನಪಟ್ಟೆ. ಆದರೆ ಅವನು ನಿಜವೆಂದೇ ನಂಬಿ ಹೇಳಿದ್ದ: ಬಟ್ಟೆ ಕೆಂಪಾಗಿತ್ತು ಎಂದು ನಾನು ಹೇಳಿದ್ದರಿಂದ, ತಾನು ಬಟ್ಟೆಗೆ ಹಾಕಿದ ಅರಿಶಿನದ ಅಳತೆಯೇ ತಪ್ಪಿತೆಂದುಕೊಂಡಿದ್ದ. ಆ ಬೇಸಗೆಯಲ್ಲೇ ತೊಟ್ಟಿಯ ಕೆಲಸ ಬಿಟ್ಟು, ಅತ್ತಿಗೆಯನ್ನು ಕರೆದುಕೊಂಡು ಹೊಳೆ ದಾಟಿ ಹೋದ. ಆಚೆ ದಡದಲ್ಲಿ ಈಗ ಶುಂಠಿ ಹೊಲದ ಕೂಲಿ. ನಾನು ಹೋದಾಗ ಊಟ ಬಡಿಸಿ, ನೆಂಟರೊಬ್ಬರನ್ನು ವಿಚಾರಿಸುವಂತೆ ಕೇಳುತ್ತಾನೆ, "ನೀರು ಹೇಗಿದೆ ಗೌರಿ?" ನಮ್ಮ ಕಡೆಗೆ ಬಾ ಎಂದರೆ ಅಂಗೈ ತೋರಿಸುತ್ತಾನೆ: "ಈ ಕೈಗೆ ಅಂದಾಜಿಲ್ಲ ಕಣೇ." ಪ್ರತಿ ಸಲವೂ ಹೇಳಬೇಕಾದ ಮಾತನ್ನು ಅನ್ನದ ಜೊತೆ ನುಂಗಿಕೊಂಡು ಎದ್ದು ಬಂದಿದ್ದೇನೆ.

ಅಂದಿನಿಂದ ನನ್ನ ಎಲೆಗೆ ಸುಣ್ಣ ಹಚ್ಚಿಲ್ಲ. ಅದರಿಂದೇನು? ಸಂಜೆ ದೋಣಿ ಕಟ್ಟುವ ಕಡವಿನಲ್ಲಿ ಕೂತು ಆಚೆ ನೋಡುತ್ತೇನೆ. ಹೊಳೆ ಅಗಲವೇನಿಲ್ಲ, ಕೂಗಿದರೆ ಕೇಳಿಸುತ್ತದೆ. ಅಲ್ಲಿ ಯಾರಾದರೂ ಬಗ್ಗಿ ಕೈಕಾಲು ತೊಳೆದರೆ ಅಣ್ಣನೇ ಎನಿಸುತ್ತದೆ.

ಇವತ್ತು ಮೊದಲಾಳಿಯ ಹತ್ತಿರ ಎಲ್ಲ ಹೇಳಿದೆ. ಅವರು, "ನನ್ನೆದುರು ಹೇಳಿ ಏನಾಯ್ತು? ಅವನ ಹತ್ರ ಹೋಗು," ಎಂದರು.

ನಾಳೆ ದೋಣಿ ಹತ್ತುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅಂಗಳದಲ್ಲೇ ನಿಂತು, ಊಟಕ್ಕೆ ಕೂರುವ ಮೊದಲೇ ಹೇಳುತ್ತೇನೆ — ಅಣ್ಣಾ, ನಿನ್ನ ಕೈ ತಪ್ಪಿರಲಿಲ್ಲ.